ನಾನೇ ಆ ಅಜ್ಜಿ!

(ಕ್ಯಾಲಿಫೋರ್ನಿಯಾದ ಒಂದು ಕೌಂಟಿ. ಮೈಸೂರಿಂದ ಬಂದಿರುವ ಅಪ್ಪ. ಕಂದಾಯದ ಬಿಲ್ ಹಿಡಿದು ಕೂತ ಮಗ.)

ಅಪ್ಪ: ಯಾಕೋ, ಹರಳೆಣ್ಣೆ ಕುಡಿದವನ ಹಾಗಿದ್ದೀಯ?

ಮಗ: ಮನೆ ಕಂದಾಯ ಅಪ್ಪ. ಪಕ್ಕದ ಮನೆ ಅಜ್ಜಿ ಕಟ್ಟೋದರ ಹತ್ತು ಪಟ್ಟು!

ಅಪ್ಪ: ಅವರದೇನು ಗುಡಿಸಲೇ?

ಮಗ: ಇದೇ ನಕ್ಷೆ, ಇದೇ ಅಳತೆ. ಅವರು ಕೊಂಡು ಐವತ್ತು ವರ್ಷವಾಯ್ತು, ನಾನು ಮೊನ್ನೆ ಕೊಂಡೆ. 1978ರಲ್ಲಿ ಮತದಾರರು ‘ಪ್ರೊಪೊಸಿಷನ್ 13’ ಪಾಸು ಮಾಡಿದರು. ಮೂಲ ತೆರಿಗೆ ಶೇ. 1 ಮೀರಬಾರದು, ಮನೆ ಕೈ ಬದಲಾಗುವವರೆಗೆ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು.

ಅಪ್ಪ: ಹಾಗಾದರೆ ಕೌಂಟಿ ಆಸ್ಪತ್ರೆಯ ನರ್ಸಿನ ಸಂಬಳ, ಔಷಧಿ ಬೆಲೆಯೂ ಶೇ. 2ಕ್ಕೇ ನಿಲ್ಲುತ್ವಾ?

ಮಗ: ಅವಕ್ಕೆ ಕಾನೂನು ಓದೋಕೆ ಬರಲ್ಲ.

ಅಪ್ಪ: ಮತ್ತೆ ಕೌಂಟಿಯವರು ಬಜೆಟ್ ಸರಿದೂಗಿಸೋದು ಹೇಗೆ?

ಮಗ: ಅವರ ಬಜೆಟ್ ಸಭೆಗೆ ಹೋಗಿದ್ದೆ. ‘ಆಸ್ಪತ್ರೆ ಉಳಿಸಿ’ ಅಂದರೆ ಚಪ್ಪಾಳೆ, ‘ಗ್ರಂಥಾಲಯ ಉಳಿಸಿ’ ಅಂದರೆ ಚಪ್ಪಾಳೆ. ‘ಹೊಸ ತೆರಿಗೆ’ ಅಂದದ್ದೇ ತಡ, ಎಲ್ಲರ ಪಾರ್ಕಿಂಗ್ ಟೈಮೂ ಮುಗಿದುಹೋಯ್ತು.

ಅಪ್ಪ: ನಿನ್ನದು?

ಮಗ: ನನ್ನದೇ ಮೊದಲು.

ಅಪ್ಪ: ಅನ್ಯಾಯ ಅನ್ನಿಸಿದರೆ ಆ ಕಾನೂನಿನ ವಿರುದ್ಧ ಓಟು ಹಾಕೋ.

ಮಗ: ಬಾಡಿಗೆ ಮನೇಲಿದ್ದಾಗ ನಾನೂ ಹಾಗೇ ಅಂತಿದ್ದೆ. ಈಗ ಕೊಂಡಾಯ್ತಲ್ಲ ಅಪ್ಪ, ಇನ್ನು ಮೂವತ್ತು ವರ್ಷ ತಡೆದರೆ ನಾನೇ ಆ ಅಜ್ಜಿ!