ಕಾಶಿಗೆ ಟಿಕೆಟ್ ಯಾವ ಹೆಸರಿಗೆ?

ಕಾಶಿಗೆ ಹೊರಟವರಿಗೆ ಮೊದಲ ಸಂಕಟ ರೈಲಿನ ಟಿಕೆಟ್ಟಿನದು. ಅಲ್ಲಿ ವಾರಣಾಸಿ ಜಂಕ್ಷನ್ ಇದೆ, ಕಾಶಿ ಎಂಬ ಸ್ಟೇಷನ್ ಬೇರೆ ಇದೆ. ಸಾಲದ್ದಕ್ಕೆ ಮಂಡುವಾಡೀಹ್ ಎಂದಿದ್ದ ನಿಲ್ದಾಣವೂ 2021ರಲ್ಲಿ ಬನಾರಸ್ ಆಗಿ ಕೂತಿದೆ. ಶಿವನಿಗೆ ಸಾವಿರ ನಾಮಗಳಿರುವಾಗ ಅವನ ಊರಿಗೆ ಮೂರಾದರೂ ಬೇಡವೇ?

ವಾರಣಾಸಿ ಹೇಗೆ ಬಂತೆಂದು ಯಾವ ಪಂಡಾನನ್ನೇ ಕೇಳಿ, ಉತ್ತರ ನಾಲಿಗೆ ತುದಿಯಲ್ಲಿದೆ: ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ, ನಡುವೆ ವಾರಣಾಸಿ. ಅಚ್ಚುಕಟ್ಟಾದ ಲೆಕ್ಕ. ತಕರಾರು ಮಣ್ಣು ಅಗೆಯುವವರದು. ಹಳೆಯ ಪಟ್ಟಣದ ಅವಶೇಷ ಸಿಕ್ಕಿದ್ದು ವರುಣಾ ಗಂಗೆಗೆ ಸೇರುವ ಕಡೆಯ ರಾಜಘಾಟ್ ದಿಬ್ಬದಲ್ಲಿ. ಅಸಿ ಅಲ್ಲಿಂದ ಐದಾರು ಕಿಲೋಮೀಟರ್ ಆಚೆ. ಹಾಗಾಗಿ ವರುಣೆಯ ಹಳೆಯ ಹೆಸರೇ ವರಣಾಸಿ ಇದ್ದಿರಬೇಕು, ಅದನ್ನು ಎರಡು ಪಾಲು ಮಾಡಿದವರು ಪುರಾಣಿಕರು ಎನ್ನುವ ವಿದ್ವಾಂಸರಿದ್ದಾರೆ. ಅರ್ಧ ಹೆಸರಿನ ಹಕ್ಕುದಾರಳಾದ ಅಸಿ ಇವತ್ತು ಬರೀ ಚರಂಡಿ.

ಕಾಶಿಯದು ಸಲೀಸು. ‘ಕಾಶ್’ ಎಂದರೆ ಹೊಳೆಯುವುದು. ಪಕ್ಕದ ಮನೆ ಪ್ರಕಾಶನಲ್ಲಿರುವುದೂ ಅದೇ. ಹಿಂದೆ ಕಾಶಿ ಎಂದರೆ ರಾಜ್ಯ, ವಾರಣಾಸಿ ಅದರ ರಾಜಧಾನಿ. ಪಾಲಿಯ ಬಾರಾಣಸಿ ಜನರ ಬಾಯಲ್ಲಿ ಹೊರಳಿ ಬನಾರಸ್ ಆಯಿತು.

ನಮ್ಮ ಹಳೆಯ ಶಾಸನಗಳಲ್ಲೂ ‘ಬಾರಣಾಸಿ’ ಇದೆ, ಅದೂ ಬೆದರಿಕೆಯಾಗಿ. ದಾನದ ಭೂಮಿಗೆ ಕೈಹಾಕಿದವನಿಗೆ ಅಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ! ಗದ್ದೆ ನುಂಗಲು ಹೊರಟವನು ಆ ಊರಿನ ದಿಕ್ಕನ್ನೂ ನೋಡಿರಲಿಕ್ಕಿಲ್ಲ, ಹೆಸರೇ ಸಾಕಾಗಿತ್ತು.

ನಮ್ಮ ಮನೆಗಳಲ್ಲಿ ಹೆಸರುಗಳ ಪಾಲುಪಟ್ಟಿ ಎಂದೋ ಮುಗಿದಿದೆ. ಸೀರೆ ಬನಾರಸ್ಸಿನದು, ಬೂದುಗುಂಬಳದ ಹಲ್ವ ಕಾಶಿಯದು. ಮದುಮಗ ಛತ್ರಿ ಹಿಡಿದು ಹೊರಡುವುದೂ ಕಾಶಿಗೇ. ಬನಾರಸ್ಸಿಗೆ ಹೊರಟೆ ಎಂದರೆ ಮಾವ ತಡೆಯುವುದು ಹಾಗಿರಲಿ, ಅತ್ತೆ ಎರಡು ಸೀರೆಗೆ ದುಡ್ಡು ಕೊಟ್ಟು ಕಳಿಸಿಯಾರು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರಬೇಕಷ್ಟೆ? ನಮ್ಮ ಸೋದರಮಾವ ಹಾಗಲಕಾಯಿ ಬಿಟ್ಟು ಬಂದರು. ಹುಟ್ಟಿದಾಗಿನಿಂದ ಅದನ್ನು ಮುಟ್ಟಿದವರಲ್ಲ. ವಾರಣಾಸಿಗೆ ಹೋಗಿದ್ದೆ ಎಂದಿದ್ದರೆ ಆ ರಿಯಾಯಿತಿಯೂ ಬೇಕಿರಲಿಲ್ಲ.

1956ರ ಮೇ 24ರಂದು ಸರ್ಕಾರ ವಾರಣಾಸಿಯೇ ಅಧಿಕೃತ ಎಂದು ಮುದ್ರೆ ಒತ್ತಿತು. ಆದರೆ ಅಲ್ಲಿ 1916ರಲ್ಲಿ ಶುರುವಾದ ಹಿಂದೂ ವಿಶ್ವವಿದ್ಯಾಲಯ ಇಂದಿಗೂ ಇಂಗ್ಲಿಷಿನಲ್ಲಿ ಬನಾರಸ್, ಹಿಂದಿಯಲ್ಲಿ ಕಾಶಿ. ವಾರಣಾಸಿ ಬರುವುದು ವಿಳಾಸದ ಸಾಲಿನಲ್ಲಿ.