ನನ್ನ ಬಸಿರಿಗೆ ತಮ್ಮ ಅನುಮತಿ ಕೋರಿ

ಮಾನ್ಯ ಎಚ್.ಆರ್. ಮ್ಯಾನೇಜರ್ ಅವರಿಗೆ,

ಪ್ರಾಜೆಕ್ಟ್ ಡೆಲಿವರಿಯ ತಿಂಗಳಲ್ಲೇ ನನ್ನ ಡೆಲಿವರಿಯೂ ಬಂದಿರುವುದಕ್ಕೆ ಕ್ಷಮೆ ಇರಲಿ. ಮೊಮ್ಮಗು ಬೇಕೆಂದು ಧರ್ಮಸ್ಥಳಕ್ಕೆ ಹರಕೆ ಹೊತ್ತ ನಮ್ಮತ್ತೆಗೆ, ಮಂಜುನಾಥಸ್ವಾಮಿಗೆ ನಿಮ್ಮ ಪ್ರಾಜೆಕ್ಟ್ ಪ್ಲಾನ್ ಕೂಡ ತೋರಿಸಬೇಕು ಅಂತ ಹೊಳೆಯಲಿಲ್ಲ.

ಹೋದ ತಿಂಗಳು ನೀವೇ ಮುಂದೆ ನಿಂತು ಆಫೀಸಿನಲ್ಲಿ ನನಗೆ ಸೀಮಂತ ಮಾಡಿದಿರಿ. ಕಾನ್ಫರೆನ್ಸ್ ರೂಮಿನಲ್ಲಿ ಬಲೂನು, ಕೇಕು, ಕೈತುಂಬ ಹಸಿರು ಬಳೆ. 'ಇಬ್ಬರ ಊಟ ಮಾಡಬೇಕು ಕಣಮ್ಮಾ' ಅಂತ ಎರಡನೇ ತುಂಡು ಕೇಕನ್ನು ತಟ್ಟೆಗೆ ಹಾಕಿದ್ದೂ ನೀವೇ. 'ನಮ್ಮದು ಒಂದೇ ಕುಟುಂಬ' ಅನ್ನುವ ಒಕ್ಕಣೆಯೊಂದಿಗೆ ಫೋಟೋ ಲಿಂಕ್ಡ್‌ಇನ್ ಸೇರಿತು. ಸೋಮವಾರ ಮೇಲ್ ಬಂತು. ನನ್ನ ಪರ್ಫಾರ್ಮೆನ್ಸ್ ಕುಸಿದಿದೆಯಂತೆ, ಸುಧಾರಿಸಿಕೊಳ್ಳಲು ಎರಡು ತಿಂಗಳ ಗಡುವಂತೆ. ಏಪ್ರಿಲ್‌ನಲ್ಲಿ ನನಗೆ ಸ್ಟಾರ್ ಅವಾರ್ಡ್ ಕೊಟ್ಟದ್ದು ಬಹುಶಃ ಬೇರೆ ಕಂಪನಿ ಇರಬೇಕು. ಆಮೇಲೆ ಕ್ಯಾಬಿನ್‌ಗೆ ಕರೆದು ಮೆಲ್ಲಗೆ ಹೇಳಿದಿರಿ: 'ನೀವಾಗೇ ಪೇಪರ್ ಹಾಕಿದ್ರೆ ರಿಲೀವಿಂಗ್ ಲೆಟರ್ ಕ್ಲೀನಾಗಿ ಕೊಡ್ತೀವಿ ಮೇಡಂ. ಮಗು ಮುಖ್ಯ ಅಲ್ವಾ?' ನಮ್ಮಮ್ಮನಿಗೂ ಇಲ್ಲ ಇಷ್ಟು ಕಾಳಜಿ.

ನೀವು ಹಿರಿಯರ ಹಾದಿಯಲ್ಲೇ ನಡೆದಿದ್ದೀರಿ. ಗಗನಸಖಿ ಮೊದಲ ಸಲ ಬಸಿರಾದರೆ ಸಾಕು, ಕೆಲಸ ಬಿಡಿಸುವ ನಿಯಮ ಏರ್ ಇಂಡಿಯಾದಲ್ಲಿತ್ತು. ಎಲ್‌ಐಸಿ, ಕೆಲಸಕ್ಕೆ ಸೇರುವ ಹೆಂಗಸರಿಂದ ಮುಟ್ಟಿನ ತಾರೀಖನ್ನೂ ಬರೆಸಿಕೊಳ್ಳುತ್ತಿತ್ತು. ಸ್ಟೇಟ್ ಬ್ಯಾಂಕು, ಮೂರು ತಿಂಗಳು ತುಂಬಿದ ಗರ್ಭಿಣಿ ಕೆಲಸಕ್ಕೆ ಸೇರಲು 'ತಾತ್ಕಾಲಿಕವಾಗಿ ಅನರ್ಹಳು' ಎಂದಿತು. ಮೊದಲನೆಯದನ್ನು 1981ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು, ಎರಡನೆಯದರ ಕಲಮುಗಳನ್ನು 1991ರಲ್ಲಿ ಕಿತ್ತುಹಾಕಿಸಿತು. ಮೂರನೆಯದಕ್ಕೆ ಕೋರ್ಟೂ ಬೇಕಾಗಲಿಲ್ಲ. ಜನ ಉಗಿದದ್ದಕ್ಕೇ 2022ರ ಜನವರಿಯಲ್ಲಿ ಬ್ಯಾಂಕು ಹಿಂದೆ ಸರಿಯಿತು. ಹಿರಿಯರ ಕಥೆಯನ್ನು ಕೊನೆಯವರೆಗೆ ಓದುವ ಅಭ್ಯಾಸ ಒಳ್ಳೆಯದು.

ನಿಮಗೆ ಓದಲು ಬಿಡುವಿಲ್ಲದ್ದರಿಂದ ಕಾನೂನನ್ನು ನಾನೇ ಹೇಳುತ್ತೇನೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ ಹೆರಿಗೆ ರಜೆ ಹಕ್ಕು. 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ ಅದು ಸಂಬಳಸಮೇತ 26 ವಾರ. ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಐವತ್ತು ಮಂದಿ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ನಮ್ಮಲ್ಲೂ ಇದೆ, ಬಾಗಿಲಿಗೆ ಬೋರ್ಡೂ ಇದೆ. ಒಳಗೆ ಟೇಬಲ್ ಟೆನಿಸ್ ಆಡುತ್ತಾರೆ.

ನಿಮ್ಮ ಒಂದು ಕಷ್ಟ ಮಾತ್ರ ನಿಜ. ಇಎಸ್‌ಐ ಇಲ್ಲದವರ ಅಷ್ಟೂ ವಾರದ ಸಂಬಳ ಮಾಲೀಕರ ತಲೆಗೇ ಬೀಳುತ್ತದೆ. ಸರ್ಕಾರ ಒಂದು ಪಾಲು ಹೊರಬೇಕು. ಅದಕ್ಕೆ ದೆಹಲಿಗೆ ಪತ್ರ ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ಆ ಲೆಕ್ಕವನ್ನು ನನ್ನ ಅಪ್ರೈಸಲ್‌ನಲ್ಲಿ ತೀರಿಸಿಕೊಳ್ಳಬೇಡಿ.

ನಾನು ಪೇಪರ್ ಹಾಕುವುದಿಲ್ಲ. ರಜೆಯ ನೋಟಿಸು ಇದರ ಜೊತೆಗಿದೆ, ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಹೋಗಿದೆ. ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ಒಂದು ವಿನಂತಿ: ಕ್ಯಾಬಿನ್‌ಗೆ ಕರೆದು ಕಾಳಜಿ ತೋರಿಸಿದರೆ, ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ ಸಾರ್ ಅನ್ನಿ.

ಇತಿ,
ಇನ್ನೂ ನಿಮ್ಮ ಉದ್ಯೋಗಿ