ಚೆನ್ನಾಗಿರುವ ರೂಟರಿಗೆ ಚಿಕಿತ್ಸೆ

ಬಹುಪಾಲು ಮನೆಗಳಲ್ಲಿ ರೂಟರಿನ ನೆನಪಾಗುವುದು ಎರಡೇ ಸಲ: ನೆಟ್ ಹೋದಾಗ, ಹಬ್ಬಕ್ಕೆ ಧೂಳು ಹೊಡೆಯುವಾಗ. ಮಿಕ್ಕ ದಿನಗಳಲ್ಲಿ ಅದು ಷೋಕೇಸಿನ ಮೂಲೆಯಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಆದರೆ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ಮಹಾಶಯ ಸಿಕ್ಕೇ ಸಿಗುತ್ತಾನೆ. ಚೆನ್ನಾಗಿ ಓಡುತ್ತಿರುವ ರೂಟರನ್ನು ಕಂಡರೆ ಅವನ ಕೈ ತುರಿಸುತ್ತದೆ. ಕಂಪನಿ ತುಂಬಿ ಕಳಿಸಿದ ಫರ್ಮ್‌ವೇರನ್ನು ಕಿತ್ತು, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ತನ್ನ ಕೈಯಾರೆ ಕಟ್ಟಿ ಒಳಗೆ ಕೂರಿಸುವ ತನಕ ಅವನಿಗೆ ನಿದ್ದೆ ಹತ್ತದು. "ಈಗಿರೋದಕ್ಕೆ ಏನಾಗಿದೆ ರೀ?" ಎಂದು ಹೆಂಡತಿ ಕೇಳುತ್ತಾಳೆ. ಏನೂ ಆಗಿಲ್ಲ. ಅವನಿಗೆ ಅದೇ ಸಂಕಟ.

ಈ ಚಟಕ್ಕೆ ಒಂದು ವಂಶಾವಳಿಯಿದೆ. 2002ರ ಕೊನೆಗೆ ಅಮೆರಿಕದ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಡಬ್ಬಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷ ಆ ಲಿಂಕ್‌ಸಿಸ್ಸನ್ನೇ ಸಿಸ್ಕೊ ಸುಮಾರು 50 ಕೋಟಿ ಡಾಲರಿಗೆ ಕೊಂಡಿತು. ಅಷ್ಟರಲ್ಲಿ ಕೆಲವು ಕುತೂಹಲಿಗಳು ಡಬ್ಬಿಯೊಳಗೆ ಇಣುಕಿ ನೋಡಿದರೆ ಅಲ್ಲಿ ಲಿನಕ್ಸ್ ಕೂತಿತ್ತು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಅದನ್ನು ಸೇರಿಸಿ ಮಾರುವವರು ಅದರ ಮೂಲ ಸಂಕೇತವನ್ನು ಕೇಳಿದವರಿಗೆ ಕೊಡಬೇಕು. ಜಿಪಿಎಲ್ ಪರವಾನಗಿಯ ಷರತ್ತೇ ಅದು. 2003ರಲ್ಲಿ ಈ ಸಂಗತಿ ಬಯಲಿಗೆ ಬಂದು ಒತ್ತಡ ಹೆಚ್ಚಿದಾಗ ಕಂಪನಿ ಸಂಕೇತವನ್ನು ಹೊರಗಿಟ್ಟಿತು. ಅದನ್ನೇ ಬುನಾದಿ ಮಾಡಿಕೊಂಡು 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹೆಸರಿನ ಬಾಲದಲ್ಲಿರುವ ಡಬ್ಲ್ಯುಆರ್‌ಟಿ ಆ ಡಬ್ಬಿಯದೇ.

ಆ ಕಾಲದ ಸಾಹಸಗಳೂ ಕಡಿಮೆಯವಲ್ಲ. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಪಿಂಗ್ ಪರೀಕ್ಷೆಗೆಂದು ಒಂದು ಖಾಲಿ ಚೌಕವಿತ್ತು. ಅಲ್ಲಿ ವಿಳಾಸದ ಜಾಗದಲ್ಲಿ ಆಜ್ಞೆ ಬರೆದರೆ ರೂಟರು ಹಿಂದೆಮುಂದೆ ನೋಡದೆ ಪಾಲಿಸುತ್ತಿತ್ತು. ಭದ್ರತಾ ತಜ್ಞರ ಕಣ್ಣಿಗೆ ಅದು ದೊಡ್ಡ ತೂತು. ಮಹಾಶಯರ ಕಣ್ಣಿಗೆ ಹೆಬ್ಬಾಗಿಲು. ಅದರ ಮೂಲಕ 'ಬೂಟ್ ವೇಟ್' ಎಂಬುದನ್ನು ಚಾಲೂ ಮಾಡಿದರೆ, ರೂಟರು ಪ್ರತಿ ಸಲ ಏಳುವಾಗ ಕೆಲವು ಸೆಕೆಂಡು ಕಾಯುತ್ತಿತ್ತು. ಆ ಅವಕಾಶದಲ್ಲೇ ಹೊಸ ಫರ್ಮ್‌ವೇರನ್ನು ಒಳಗೆ ತೂರಿಸಬೇಕು. ಮುಹೂರ್ತ ತಪ್ಪಿದರೆ ಪ್ಲಗ್ ಕಿತ್ತು ಮತ್ತೆ ಮೊದಲಿನಿಂದ.

2005ರಲ್ಲಿ ಐದನೇ ಆವೃತ್ತಿ ಬಂದಾಗ ಕಂಪನಿ ಲಿನಕ್ಸನ್ನು ಬಿಟ್ಟು ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆಯನ್ನು ಹಿಡಿಯಿತು. ಫ್ಲ್ಯಾಶ್ 4 ಎಂಬಿಯಿಂದ 2ಕ್ಕೆ, ರ‍್ಯಾಮ್ 16ರಿಂದ 8ಕ್ಕೆ ಇಳಿಯಿತು. ಗದ್ದಲ ಎದ್ದಿತು. ಆಗ ಕಂಪನಿ ಮಾಡಿದ್ದೇನೆಂದರೆ, ಹಳೆಯ ಡಬ್ಬಿಗೇ ಹೆಸರಿನ ಕೊನೆಗೆ 'ಎಲ್' ಅಂಟಿಸಿ, ಬೆಲೆ ಏರಿಸಿ, ಬೇಕಾದವರು ತೆಗೆದುಕೊಳ್ಳಿ ಎಂದಿತು. ಎಲ್ ಅಂದರೆ ಲಿನಕ್ಸ್. ಜನ ತೆಗೆದುಕೊಂಡರು, ಹತ್ತು ವರ್ಷ ಕಳೆದ ಮೇಲೂ ತೆಗೆದುಕೊಳ್ಳುತ್ತಲೇ ಇದ್ದರು. ನಮ್ಮಲ್ಲಿ ಮನೆಮನೆಗೂ ಬಂದ ಟಿಪಿ-ಲಿಂಕ್ 841ಎನ್ ಕಥೆಯೂ ಇಂಥದೇ: ಹದಿಮೂರನೇ ಆವೃತ್ತಿಯಲ್ಲಿ 8 ಎಂಬಿ ಫ್ಲ್ಯಾಶ್, ಹದಿನಾಲ್ಕರಲ್ಲಿ ಮತ್ತೆ 4. ಆದ್ದರಿಂದಲೇ ಮಹಾಶಯ ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಅವರ ರೂಟರನ್ನು ಬೋರಲು ಹಾಕಿ ಅಡಿಯ ಸ್ಟಿಕ್ಕರ್ ಓದುತ್ತಾನೆ.

ಕಟ್ಟುವ ಕೆಲಸ ಶುರುವಾಗುವುದು 'ಮೇಕ್ ಮೆನುಕಾನ್ಫಿಗ್' ಎಂಬ ಆಜ್ಞೆಯಿಂದ. ತೆರೆಯ ತುಂಬ ಪಟ್ಟಿ: ಜಾಹೀರಾತು ತಡೆ ಬೇಕೆ, ವಿಪಿಎನ್ ಬೇಕೆ, ಪ್ರಿಂಟರ್ ಬೇಕೆ? ಮನೆಯಲ್ಲಿ ಪ್ರಿಂಟರ್ ಇಲ್ಲದಿದ್ದರೂ ಬೇಕು. ಡಬ್ಬಿಯೊಳಗೆ ಹೋಗುವುದು ಕೆಲವೇ ಎಂಬಿ. ಅದನ್ನು ತಯಾರಿಸಲು ಲ್ಯಾಪ್‌ಟಾಪಿನಲ್ಲಿ ಹತ್ತಾರು ಜಿಬಿ ಜಾಗ, ಯಾಕೆಂದರೆ ರೂಟರಿನ ಚಿಪ್ಪಿಗೆ ಬೇಕಾದ ಕಂಪೈಲರನ್ನೂ ಮೊದಲು ಕಟ್ಟಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪಾದರೆ ಗಂಟೆಗಟ್ಟಲೆ ಫ್ಯಾನು ಕಿರುಚುತ್ತದೆ. ಕೊನೆಗೆ ಎಲ್ಲ ಸುಸೂತ್ರವಾಗಿ ಮುಗಿದು ಬ್ರೌಸರ್ ತೆರೆದರೆ ಪುಟವೇ ಇಲ್ಲ: ಲೂಸಿ ಎಂಬ ವೆಬ್ ಮುಖವನ್ನು ಪಟ್ಟಿಯಲ್ಲಿ ನಾವೇ ಗುರುತು ಹಾಕಿ ಸೇರಿಸಬೇಕು. ಪ್ರಿಂಟರಿನ ಸಡಗರದಲ್ಲಿ ಅದು ಬಿಟ್ಟುಹೋಗಿರುತ್ತದೆ.

ಓಪನ್‌ಡಬ್ಲ್ಯುಆರ್‌ಟಿಯ ಹಳೆಯ ಆವೃತ್ತಿಗಳಿಗೆ ಕಾಕ್‌ಟೇಲುಗಳ ಹೆಸರು: ವೈಟ್ ರಷ್ಯನ್, ಕಾಮಿಕಾಜಿ, ಬ್ಯಾಕ್‌ಫೈರ್. ಬರೀ ಹೆಸರಲ್ಲ, ಲಾಗಿನ್ ಆದ ಕೂಡಲೇ ಮಾಡುವ ವಿಧಾನವೂ ತೆರೆಯ ಮೇಲೆ ಬರುತ್ತಿತ್ತು: ವೋಡ್ಕಾ ಇಷ್ಟು, ಕಲುವಾ ಇಷ್ಟು, ಮೇಲೆ ಕೆನೆ. ಈರುಳ್ಳಿಯನ್ನೂ ಒಳಗೆ ಬಿಡದ ಎಷ್ಟು ಮಡಿವಂತರ ಮನೆಗಳಲ್ಲಿ, ದೇವರ ಕೋಣೆಯ ಪಕ್ಕದ ಗೋಡೆಗೆ ಈ ಪಾಕಶಾಸ್ತ್ರ ನೇತಾಡುತ್ತಿತ್ತೋ!

ಹೊಸ ಫರ್ಮ್‌ವೇರನ್ನು ರೂಟರಿಗೆ ಅರ್ಧ ಬರೆದಾಗ ಕರೆಂಟು ಹೋಗುವುದುಂಟು. ಆಗ ಡಬ್ಬಿ 'ಬ್ರಿಕ್' ಆಯಿತು, ಅಂದರೆ ಇಟ್ಟಿಗೆಯಾಯಿತು, ಎನ್ನುತ್ತಾರೆ. "ಧಾರಾವಾಹಿ ನಿಂತೇ ಹೋಯ್ತಲ್ಲೋ" ಎಂದು ಅಮ್ಮ ಒಳಗಿನಿಂದ ಕೂಗುವ ಹೊತ್ತಿಗೆ ಮಹಾಶಯ ಎಸ್‌.ಪಿ. ರೋಡಿನಲ್ಲಿ ಯುಎಸ್‌ಬಿ-ಟಿಟಿಎಲ್ ಕೇಬಲ್ ಹುಡುಕುತ್ತಿರುತ್ತಾನೆ. ರೂಟರ್ ಬಿಚ್ಚಿ, ಬೋರ್ಡಿನ ಮೇಲಿನ ಪಿನ್ನುಗಳಿಗೆ ಮೂರು ವೈರು ಸಿಕ್ಕಿಸಿ, ವಿದ್ಯುತ್ತಿನ ನಾಲ್ಕನೆಯದನ್ನು ಮುಟ್ಟದೆ, ಅದರ ಉಸಿರು ಆಡುತ್ತಿದೆಯೇ ಎಂದು ನೋಡುವುದು ಅವನ ಭಾನುವಾರ.

ಇಷ್ಟೆಲ್ಲ ಯಾಕೆ ಎಂದರೆ ಉತ್ತರವೂ ಇದೆ. ಮಗ ದೊಡ್ಡ ವಿಡಿಯೊ ಅಪ್‌ಲೋಡ್ ಮಾಡುವಾಗ ಅಜ್ಜಿಯ ವಿಡಿಯೊ ಕಾಲ್ ತೊದಲುತ್ತದಲ್ಲ, ಅದಕ್ಕೆ ಎಷ್ಟೋ ಸಲ ಸ್ಪೀಡ್ ಸಾಲದ್ದು ಕಾರಣವಲ್ಲ; ರೂಟರಿನೊಳಗಿನ ಸಾಲು ಅತಿಯಾಗಿ ಉದ್ದವಾಗಿರುವುದು ಕಾರಣ. ಬ್ಯಾಂಕಿನ ಒಂದೇ ಕೌಂಟರಿನಲ್ಲಿ ಹುಂಡಿಯ ಚಿಲ್ಲರೆ ಮೂಟೆ ತಂದವನ ಹಿಂದೆ ಪಾಸ್‌ಬುಕ್ ಎಂಟ್ರಿಗೆ ಬಂದ ಮುದುಕಿ ನಿಂತ ಹಾಗೆ. ಜಿಮ್ ಗೆಟ್ಟಿಸ್ ಎಂಬ ಪ್ರೋಗ್ರಾಮರ್ ತಮ್ಮ ಮನೆಯ ನೆಟ್ಟಿನಲ್ಲೇ ಇದನ್ನು ಬೆನ್ನಟ್ಟಿ 'ಬಫರ್‌ಬ್ಲೋಟ್' ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ಮದ್ದು ಕೊಟ್ಟರು. ಡೇವ್ ಟಾಟ್ ಮತ್ತು ಸಂಗಡಿಗರು ಓಪನ್‌ಡಬ್ಲ್ಯುಆರ್‌ಟಿಯದೇ ಕವಲಾದ ಸೆರೊಡಬ್ಲ್ಯುಆರ್‌ಟಿಯನ್ನು ಮನೆಬಳಕೆಯ ರೂಟರುಗಳಲ್ಲಿ ಹಾಕಿ ಪರೀಕ್ಷಿಸಿದರು. ಮದ್ದು ಕೆಲಸ ಮಾಡಿದರೆ ಮುದುಕಿ ಬೇಗ ಹೊರಗೆ ಬರುತ್ತಾಳೆ, ಮೂಟೆಯವನಿಗೂ ನಷ್ಟವಿಲ್ಲ. ಮನೆಯಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ ಎಂಬುದೊಂದೇ ಮಹಾಶಯನ ದುಃಖ.

2024ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಬಳಗವೇ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯ ಜೊತೆ ಸೇರಿ 'ಓಪನ್‌ಡಬ್ಲ್ಯುಆರ್‌ಟಿ ಒನ್' ಎಂಬ ರೂಟರು ತಂದಿತು. ಎರಡು ಫ್ಲ್ಯಾಶ್ ಚಿಪ್ಪು. ಒಂದು ಕೆಟ್ಟರೆ ಸ್ವಿಚ್ ಒತ್ತಿ ಇನ್ನೊಂದರಿಂದ ಎಬ್ಬಿಸಬಹುದು. ಟಿಟಿಎಲ್ ಕೇಬಲ್ಲೂ ಬೇಡ, ಅದಕ್ಕೆಂದೇ ಒಂದು ಯುಎಸ್‌ಬಿ-ಸಿ ಕಿಂಡಿಯಿದೆ. ಫರ್ಮ್‌ವೇರ್ ಕಾರ್ಖಾನೆಯಲ್ಲೇ ಹಾಕಿ ಬರುತ್ತದೆ. ಪ್ಲಗ್ಗಿಗೆ ಸಿಕ್ಕಿಸಿ ಕೂತರಾಯಿತು. ಮಹಾಶಯ ಒಂದು ತರಿಸಿದ, ಪ್ಲಗ್ಗಿಗೆ ಸಿಕ್ಕಿಸಿದ, ಕೂತ. ನೆಟ್ ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ "ಕಾರ್ಖಾನೆಯವರು ಹಾಕಿದ್ದು ಹಳೇ ಆವೃತ್ತಿ ಕಣೇ" ಎನ್ನುತ್ತ ಲ್ಯಾಪ್‌ಟಾಪ್ ತೆರೆದು, ಪಟ್ಟಿಯಲ್ಲಿ ಪ್ರಿಂಟರಿಗೆ ಗುರುತು ಹಾಕಿದ.